ಶಿಡ್ಲಘಟ್ಟದ ಪೇಟೆಯಲ್ಲಿ ನಾನು ತೋರಿಸಿದ್ದು

ನಮ್ಮ ಜಿಲ್ಲೆಯ ಬಗ್ಗೆ ಬಾಯಿಬಿಡುವವರೆಲ್ಲ ಒಂದೇ ಮಾತು ಹೇಳುತ್ತಾರೆ: ನೋಡುವಂಥದ್ದೆಲ್ಲ ಬೆಟ್ಟದ ಮೇಲಿದೆ, ಪೇಟೆಗಳಲ್ಲಿ ಏನೂ ಇಲ್ಲ. ಚಿಕ್ಕಬಳ್ಳಾಪುರ ಅಂದರೆ ನಂದಿಬೆಟ್ಟಕ್ಕೆ ತಿರುಗುವ ರಸ್ತೆ, ಚಿಂತಾಮಣಿ ಅಂದರೆ ಮುರುಗಮಲ್ಲದ ದರ್ಗಾಕ್ಕೆ ಬಸ್ಸು ಹತ್ತುವ ಜಾಗ, ಗೌರಿಬಿದನೂರು ಅಂದರೆ ರೈಲಿನ ಕಿಟಕಿಯಲ್ಲಿ ಕಂಡು ಮರೆಯಾಗುವ ಸ್ಟೇಷನ್ನು, ಶಿಡ್ಲಘಟ್ಟ ಅಂದರೆ ಮೂಗು ಮುಚ್ಚಿಕೊಂಡು ದಾಟುವ ಊರು. ಹೊರಗಿನವರು ಹೇಳಿದರೆ ಸಹಿಸಬಹುದು. ಇದನ್ನು ಹೆಚ್ಚು ಹೇಳುವವರು ನಮ್ಮ ಊರಿನವರೇ. ಮದುವೆಗೆ ಬಂದ ನೆಂಟರು "ಇಲ್ಲಿ ನೋಡೋಕೇನಿದೆ?" ಎಂದು ಕೇಳಿದರೆ ತಲೆ ತಗ್ಗಿಸಿ ಬೆಟ್ಟದ ಕಡೆ ಕೈ ತೋರಿಸುತ್ತಾರೆ.

ಈ ಮಾತಿನ ವಿರುದ್ಧ ವಾದ ಮಾಡುವುದೇ ಏಳು ವರ್ಷ ನನ್ನ ಉದ್ಯೋಗವಾಗಿತ್ತು. ಶಿಡ್ಲಘಟ್ಟದ ಪೇಟೆಯಲ್ಲಿ ಶನಿವಾರ, ಭಾನುವಾರ ಬೆಳಿಗ್ಗೆ ಪ್ರವಾಸಿಗರನ್ನು ಕರೆದುಕೊಂಡು ನಡೆಯುವ ಗೈಡು ನಾನು. ಮೂವತ್ತೆರಡನೆಯ ವಯಸ್ಸಿಗೇ ನಿವೃತ್ತಳಾದೆ. ನಗಬೇಡಿ. ಸಂತೆಯ ಗದ್ದಲದ ಮೇಲೆ ಗಂಟಲು ಎತ್ತಿ ಎತ್ತಿ ಧ್ವನಿಪೆಟ್ಟಿಗೆಯ ಮೇಲೆ ಗಂಟಾಯಿತು. ವೈದ್ಯರು, "ಮಾತಾಡೋ ಕೆಲಸ ಬಿಡಿ, ಬರೆಯೋ ಕೆಲಸ ಹಿಡೀರಿ" ಎಂದರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಮನೆಗೆ ಹೊತ್ತು ತಂದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನನ್ನ ಜಾಗಕ್ಕೆ ಇನ್ನಿಬ್ಬರು ಬರುತ್ತಿದ್ದಾರೆ. ಇದನ್ನು ಅವರಿಗೆಂದೇ ಬರೆಯುತ್ತಿದ್ದೇನೆ.

ಬೀಳ್ಕೊಡುಗೆಯ ದಿನ ಒಬ್ಬರು, "ಮಂಜುಳ ಬಂದ್ಮೇಲೆ ಈ ಪೇಟೆಗೆ ಕಳೆ ಬಂತು" ಎಂದರು. ಅದನ್ನು ನಂಬಬೇಡಿ. ಪೇಟೆ ಇದ್ದ ಹಾಗೇ ಇತ್ತು. ನಾನು ನಿಂತು ನೋಡಿದೆ, ಅಷ್ಟೆ.

ಕೆಲಸಕ್ಕೆ ಸೇರಿಸಿಕೊಂಡವರು ಚೌಡಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ಊರಿನ ನಾಲ್ಕು ಜನರನ್ನು ಸೇರಿಸಿ ಒಂದು ಸಂಘ ಮಾಡಿ, ಈ ನಡಿಗೆ ಶುರುಮಾಡಿದವರು. ಪುಸ್ತಕದಂಗಡಿಯ ಮೇಲಿನ ಒಂದು ಕೋಣೆಯೇ ಆಫೀಸು. ಮೊದಲ ದಿನ ನನ್ನ ಕೈಗೆ ಅವರೇ ಬರೆದ ಮಾತುಗಳ ಹಾಳೆ ಕೊಟ್ಟರು. ಮೊದಲ ನಿಲ್ದಾಣ ಒಂದು ಬಾವಿ. ಟಿಪ್ಪು ಸುಲ್ತಾನ ತನ್ನ ಕುದುರೆಗೆ ನೀರು ಕುಡಿಸಿದ ಬಾವಿಯಂತೆ.

"ಸಾರ್, ಇದಕ್ಕೆ ಆಧಾರ?"

"ಆಧಾರ ಏನಮ್ಮ, ಎಲ್ರೂ ಹೇಳ್ತಾರೆ."

"ಎಲ್ರೂ ಅಂದ್ರೆ ಯಾರು ಸಾರ್?"

ಮೇಷ್ಟ್ರು ಸ್ವಲ್ಪ ಯೋಚಿಸಿ, "ನಮ್ಮಜ್ಜಿ" ಎಂದರು.

"ಆ ಕುದುರೆ ಚಿಂತಾಮಣಿ ಕಡೇನೂ ಕುಡ್ದಿದೆಯಂತೆ, ಗೌರಿಬಿದನೂರ್ ಕಡೇನೂ ಕುಡ್ದಿದೆಯಂತೆ. ಅಷ್ಟು ನೀರ್ ಕುಡಿದ ಕುದುರೆ ಯುದ್ಧಕ್ಕೆ ಓಡಿದ್ದು ಹೆಂಗೆ ಸಾರ್?"

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಮನೆಗೆ ಕಳಿಸುತ್ತಿದ್ದರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದು ನನ್ನ ಮುಂದಿಟ್ಟರು. "ಹೊಡ್ದಾಕಮ್ಮ ಲಾಯರಮ್ಮ. ಆದ್ರೆ ಹೊಡ್ದಾಕಿದ್ ಜಾಗ್ದಲ್ಲಿ ನೀನೇ ಏನಾದ್ರೂ ತಂದಿಡ್ಬೇಕು. ಖಾಲಿ ಬಿಡೋ ಹಂಗಿಲ್ಲ."

ಹೊಡೆದುಹಾಕಿದೆ. ಅರ್ಧಕ್ಕಿಂತ ಹೆಚ್ಚು ಹೋಯಿತು. ಉಳಿದದ್ದಕ್ಕೆ ನಾನೇ ಒಂದು ನಿಯಮ ಮಾಡಿದೆ: ಪ್ರವಾಸಿಗರು ಬಾರದೇ ಇದ್ದರೂ ನಡೆಯುವಂಥದ್ದನ್ನು ಮಾತ್ರ ತೋರಿಸಬೇಕು. ಅವರಿಗೋಸ್ಕರ ಮಾಡಿದ್ದು ಒಂದೂ ನಮ್ಮ ನಡಿಗೆಯಲ್ಲಿ ಇರಬಾರದು. ಮೇಷ್ಟ್ರು ಒಪ್ಪಿದರು. "ನಿಯಮ ನಿಂದು. ಮುರಿದ್ರೆ ಜವಾಬ್ದಾರೀನೂ ನಿಂದೇ" ಎಂದರು.

ಆ ನಿಯಮ ಹಿಡಿದುಕೊಂಡು ಪೇಟೆಯಲ್ಲಿ ಅಲೆದಾಗ ನನಗೇ ಆಶ್ಚರ್ಯವಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಹೂವು ಕಟ್ಟುವವರು ಇದ್ದಾರಲ್ಲ, ಅವರ ಪೈಕಿ ಒಬ್ಬಾಕೆಯೂ ಹೂವಿನ ಕಡೆ ನೋಡುವುದಿಲ್ಲ. ಕಣ್ಣು ರಸ್ತೆಯ ಮೇಲೆ, ಬಾಯಿ ಪಕ್ಕದವಳ ಸೊಸೆಯ ಮೇಲೆ, ಬೆರಳು ಮಾತ್ರ ಸೇವಂತಿಗೆಯ ಮೇಲೆ. ಒಮ್ಮೆ ಒಬ್ಬ ಪ್ರವಾಸಿ, "ಸ್ವಲ್ಪ ನಿಧಾನಕ್ಕೆ ಕಟ್ತೀರಾ, ವಿಡಿಯೊ ತೆಗೀಬೇಕು" ಎಂದ. ಆಕೆ, "ನಿಧಾನ್ವಾಗಿ ಕಟ್ಟೋಕ್ ಬರಲ್ಲಪ್ಪ, ಕಟ್ಟಿದ್ರೆ ಹಿಂಗೇ" ಎಂದಳು. ನಿಜ. ಅವನು ಎಷ್ಟು ಕೇಳಿಕೊಂಡರೂ ಅವಳ ಕೈಗೆ ನಿಧಾನ ಅನ್ನುವುದು ಗೊತ್ತಿರಲಿಲ್ಲ. ಇಡ್ಲಿ ಹೋಟೆಲಿನಲ್ಲಿ ಪಕ್ಕದ ಮೇಜಿನಲ್ಲಿ ತೆಲುಗು, ಹಿಂದೆ ಉರ್ದು, ಎದುರಿಗೆ ಕನ್ನಡ. ಸಪ್ಲೈಯರ್ ಮೂರಕ್ಕೂ ಸರಿಯಾದ ಭಾಷೆಯಲ್ಲಿ ಜವಾಬು ಕೊಟ್ಟು ಚಟ್ನಿ ಹಾಕಿ ಹೋಗುತ್ತಾನೆ. ಇದನ್ನು ಯಾವ ಬೆಟ್ಟದ ಮೇಲೆ ನೋಡುತ್ತೀರಿ?

ವಾಸನೆಯ ವಿಷಯಕ್ಕೆ ಬರುತ್ತೇನೆ. ರೇಷ್ಮೆ ಗೂಡು ಬೇಯಿಸುವ ವಾಸನೆ ಬಂದ ಕೂಡಲೇ ಪ್ರವಾಸಿಗರು ಕರ್ಚೀಫು ತೆಗೆಯುತ್ತಾರೆ. ನೀವು ಕ್ಷಮೆ ಕೇಳಬೇಡಿ. ನಾನು ಮೊದಲು ಕೇಳುತ್ತಿದ್ದೆ. ಆಮೇಲೆ, "ನಿಮ್ಮ ಬೀರುವಿನಲ್ಲಿರೋ ರೇಷ್ಮೆ ಸೀರೆಗೆಲ್ಲ ಮೊದಲು ಈ ವಾಸನೇನೇ ಇತ್ತು" ಎನ್ನಲು ಶುರುಮಾಡಿದೆ. ಕರ್ಚೀಫು ಇಳಿಯುತ್ತಿತ್ತು.

ನಮ್ಮ ನಡಿಗೆಯ ನಡುಮನೆ ಅಂದರೆ ರೇಷ್ಮೆ ಗೂಡಿನ ಮಾರುಕಟ್ಟೆ. ರೈತರು ತಂದ ಗೂಡನ್ನು ತಟ್ಟೆಗಳಲ್ಲಿ ಸುರಿದು ಹರಡುತ್ತಾರೆ; ಒಬ್ಬ ರೈತನ ಗೂಡೆಲ್ಲ ಸೇರಿ ಒಂದು ಲಾಟು. ನೂಲು ತೆಗೆಯುವ ರೀಲರುಗಳು ನೋಡಿಕೊಂಡು ಬಂದು ಬೆಲೆ ಕಟ್ಟುತ್ತಾರೆ. ಹಿಂದೆ ಬೆಲೆ ಕೂಗುತ್ತಿದ್ದರು. ಆ ಕೂಗಾಟದಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ, ಪ್ರವಾಸಿಗರಿಗೆ ಅದೇ ತಮಾಷೆ. ಈಗ ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ. ರೈತನಿಗೆ ಇದು ಒಳ್ಳೆಯದೇ: ಯಾರ ಮುಖದ ದಾಕ್ಷಿಣ್ಯಕ್ಕೂ ಬೆಲೆ ಇಳಿಯುವುದಿಲ್ಲ. ಆದರೆ ನಮಗೆ ಕಷ್ಟವಾಯಿತು. ಮೇಷ್ಟ್ರು ತಲೆಮೇಲೆ ಕೈ ಹೊತ್ತು, "ಫೋನ್ ನೋಡ್ಕೊಂಡ್ ನಿಂತಿರೋ ಗಂಡಸ್ರನ್ನ ನೋಡೋಕೆ ಯಾರಮ್ಮ ಬರ್ತಾರೆ, ಅದು ಎಲ್ಲಾರ್ ಮನೇಲೂ ಇದೆ" ಎಂದರು.

ನಾನು ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಎರಡು ದಿನ ನಿಂತು ನೋಡಿದೆ. ಫೋನಿಗಿಂತ ಮೊದಲು ಕೈ ಹೋಗುತ್ತದೆ. ರೀಲರ್ ಗೂಡಿನ ರಾಶಿಯೊಳಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾನೆ. ಒಂದನ್ನು ಬೆರಳಲ್ಲಿ ಅದುಮುತ್ತಾನೆ. ಇನ್ನೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗಿನ ಹುಳು ಭಾರವಾಗಿ ತಟ್ಟಿದರೆ ಸರಿ. ಒಣ ಕಾಳಿನ ಹಾಗೆ ಸದ್ದು ಬಂದರೆ ಸುಣ್ಣಕಟ್ಟು ರೋಗ ತಗುಲಿ ಸತ್ತಿದೆ ಎಂದು ಅರ್ಥ. ಅಷ್ಟರಲ್ಲೇ ಅವನಿಗೆ ನೂಲಿನ ಲೆಕ್ಕ ಗೊತ್ತು. ಅಂದಿನಿಂದ ಪ್ರವಾಸಿಗರಿಗೆ, "ಫೋನ್ ನೋಡಬೇಡಿ, ಕೈ ನೋಡಿ" ಎಂದು ಹೇಳತೊಡಗಿದೆ. ಹೇಗೆ ಅಲ್ಲಾಡಿಸುತ್ತಾರೆ ಎಂದು ಮಾಡಿಯೂ ತೋರಿಸಿದೆ. ಈ ಜಾಣತನವೇ ನನ್ನ ದೊಡ್ಡ ತಪ್ಪಿಗೆ ದಾರಿ ಮಾಡಿತು.

ನಾಲ್ಕು ವರ್ಷದ ಹಿಂದಿನ ಒಂದು ಶನಿವಾರ. ಮುರುಗಮಲ್ಲಕ್ಕೆ ಹೊರಟಿದ್ದ ಒಂದು ಕುಟುಂಬ ದಾರಿಯಲ್ಲಿ ನಮ್ಮ ನಡಿಗೆಗೆ ಸೇರಿಕೊಂಡಿತು. ಆ ಮನೆಯ ಹಿರಿಯರು ಬಿಳೀ ಜುಬ್ಬ, ಟೋಪಿ, ಬಿಳೀ ಗಡ್ಡದವರು. ಬಹಳ ಶ್ರದ್ಧೆಯಿಂದ ನನ್ನ ಮಾತು ಕೇಳಿದರು. ಕೇಳಿ, ಕೈ ಕಟ್ಟಿಕೊಂಡು ಸುಮ್ಮನಿರಲಿಲ್ಲ. ಒಂದು ಲಾಟಿನ ಮುಂದೆ ನಿಂತು ರಾಶಿಯೊಳಗೆ ಕೈ ಇಳಿಸಿದರು, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು, ಏನೂ ತಿಳಿಯದೆ ತಲೆಯಾಡಿಸಿ ಹಿಡಿಯನ್ನು ವಾಪಸು ಸುರಿದು, ಕೈಯನ್ನು ಜುಬ್ಬಕ್ಕೆ ಒರೆಸಿಕೊಂಡು ಮುಂದೆ ಹೋದರು.

ನಾನು ಹೆಮ್ಮೆಯಿಂದ ನಕ್ಕೆ. ಆಚೆ ನಿಂತ ರೀಲರುಗಳು ನಗಲಿಲ್ಲ. ಅವರ ಕಣ್ಣಿಗೆ ಕಂಡದ್ದು ಬೇರೆ: ಹೊರಗಿನ ಯಾವನೋ ದೊಡ್ಡ ವ್ಯಾಪಾರಿ ಬಂದ, ಗೂಡು ಹಿಡಿದ, ಕಿವಿಗಿಟ್ಟ, ಬೇಡ ಎಂದು ತಲೆಯಾಡಿಸಿ ಬಿಟ್ಟ. ಈ ಮಾರುಕಟ್ಟೆಯಲ್ಲಿ ಬಾಯಿಂದ ಹೇಳುವುದಕ್ಕಿಂತ ಹೀಗೆ ಬಿಟ್ಟು ಹೋಗುವುದು ಜೋರು.

"ರಾಮನಗರದ ಪಾರ್ಟಿಯಂತೆ, ಬಿಟ್ಬಿಟ್ಟ."

"ಸುಣ್ಣಕಟ್ಟು ಇರ್ಬೇಕು ಬಿಡು."

ಆ ಲಾಟು ದಿಬ್ಬೂರಹಳ್ಳಿ ಕಡೆಯ ಆಂಜಿನಪ್ಪನದು. ಗೂಡು ಚೆನ್ನಾಗಿತ್ತು, ಬಿಳುಪಾಗಿತ್ತು, ಗಟ್ಟಿಯಿತ್ತು. ಹರಾಜು ಶುರುವಾದರೆ ಅಕ್ಕಪಕ್ಕದ ಲಾಟುಗಳಿಗೆ ಬೆಲೆ ಏರುತ್ತಿದೆ, ಅವನದಕ್ಕೆ ಇಲ್ಲ. ಒತ್ತಿದ ಒಬ್ಬಿಬ್ಬರೂ ನಾಚಿಕೆಯಾಗುವಂಥ ಬೆಲೆ ಒತ್ತಿದ್ದರು. ಅವನು ನನ್ನ ಕಡೆ ತಿರುಗಿದ.

"ಏಮಮ್ಮಾ, ನಿನ್ ನೆಂಟ್ರು ಬಂದು ನನ್ ಗೂಡ್ಗೆ ಮಣ್ ಹಾಕಿ ಹೋದ್ರಲ್ಲಮ್ಮ! ಮನೆ ಮಂದಿಯೆಲ್ಲ ಹುಳಕ್ಕೆ ಸೊಪ್ಪು ಹಾಕಿ ಸಾಕಿದ್ದು ನೀನ್ ಆಟ ತೋರ್ಸೋಕಾ?"

ಇಂಥ ಹೊತ್ತಿನಲ್ಲಿ ಚರ್ಚಾಸ್ಪರ್ಧೆಯವಳು ಏನು ಮಾಡುತ್ತಾಳೆ? ವಾದ ಮಾಡುತ್ತಾಳೆ. ಬೆಂಚಿನ ಮೇಲೆ ಹತ್ತಿ ಕೂಗಿದೆ. ಅವರು ವ್ಯಾಪಾರಿಯಲ್ಲ, ಪ್ರವಾಸಿ. ಗೂಡಿನಲ್ಲಿ ಏನೂ ದೋಷವಿಲ್ಲ. ನಾನೇ ಅಲ್ಲಾಡಿಸಲು ಹೇಳಿಕೊಟ್ಟದ್ದು. ಒಂದು, ಎರಡು, ಮೂರು ಎಂದು ಕಾರಣ ಕೊಟ್ಟೆ. ಕೆಳಗಿನಿಂದ ಒಬ್ಬ ರೀಲರ್ ಹೇಳಿದ: "ಈವಮ್ಮ ಇಷ್ಟೊಂದ್ ಹೇಳ್ತಾ ಅವ್ಳೆ ಅಂದ್ರೆ ಏನೋ ಇದೆ ಕಣೋ." ನಾನು ಹೇಳಿದಷ್ಟೂ ಅವರ ಅನುಮಾನ ಬೆಳೆಯಿತು. ಸರಿಯಾದ ವಾದ ಕೂಡ ತಪ್ಪು ಜಾಗದಲ್ಲಿ ನಿಂತು ಮಾಡಿದರೆ ಸುಳ್ಳಿನ ಹಾಗೆ ಕೇಳುತ್ತದೆ. ಹೊಸಬರೇ, ನನ್ನ ಅನುಭವದಲ್ಲಿ ನಿಮಗೆ ಉಪಯೋಗಕ್ಕೆ ಬರುವ ಮಾತು ಇದೊಂದೇ ಇರಬಹುದು.

ಆಗ ಜುಬೇದಮ್ಮ ಬಂದರು. ಆವತ್ತಿನ ತನಕ ನನಗೆ ಅವರ ಪರಿಚಯವಿರಲಿಲ್ಲ. ಅರವತ್ತು ದಾಟಿದ ಸಣ್ಣ ದೇಹ, ಬುರ್ಖಾದ ಮೇಲೆ ಸ್ವೆಟರು, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಯಾವುದೋ ಕಾಗದ. ಗಂಡಸರು ದಾರಿ ಬಿಟ್ಟರು. ಅವರು ಆಂಜಿನಪ್ಪನ ರಾಶಿಯೊಳಗೆ ಮೊಣಕೈಯವರೆಗೆ ಕೈ ಇಳಿಸಿ ಕಣ್ಣು ಮುಚ್ಚಿದರು. ಗೂಡನ್ನು ಕಿವಿಗಿಡಲಿಲ್ಲ, ಅಲ್ಲಾಡಿಸಲಿಲ್ಲ. ಕೈ ತೆಗೆದು, ಬುರ್ಖಾದ ಜೇಬಿನಿಂದ ಹಳೆಯ ಫೋನು ತೆಗೆದು, ಪಕ್ಕದ ಲಾಟಿಗೆ ಬಂದಿದ್ದ ಬೆಲೆಯನ್ನೇ ಒತ್ತಿದರು. ಆಂಜಿನಪ್ಪ ಒಪ್ಪಿದ. ಆಮೇಲೆ ನನ್ನ ಕಡೆ ನೋಡಿ, "ಇಳಿ ಬೇಟಿ, ಬೆಂಚ್ ಮುರೀತದೆ" ಎಂದರು.

ಮಾರನೆಯ ವಾರ ಧನ್ಯವಾದ ಹೇಳಲು ಅವರ ಮನೆ ಹುಡುಕಿಕೊಂಡು ಹೋದೆ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ತಗಡಿನ ಶೆಡ್ಡು. ಒಲೆ ಉರಿಯುತ್ತಿತ್ತು. ಕುದಿಯುವ ನೀರಿನಲ್ಲಿ ಆಂಜಿನಪ್ಪನ ಗೂಡುಗಳು ತೇಲುತ್ತಿದ್ದವು. ಜುಬೇದಮ್ಮ ಬೆರಳು ಅದ್ದಿ ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿದು, ಎಂಟು ಹತ್ತು ಗೂಡಿನ ಎಳೆ ಸೇರಿಸಿ ಚರಕಕ್ಕೆ ಕೊಡುತ್ತಿದ್ದರು. ಒಂದು ಎಳೆ ಕಡಿದರೆ ಮಾತು ನಿಲ್ಲಿಸದೆ ಇನ್ನೊಂದನ್ನು ಅಂಟಿಸುತ್ತಿದ್ದರು. ನಾನು ನಿಂತಲ್ಲೇ ನಿಂತೆ. ಅಲ್ಲಿಯವರೆಗೆ ನೂಲು ಬಿಚ್ಚುವುದನ್ನು ತೋರಿಸಲು ನಮ್ಮನ್ನು ಯಾರೂ ಒಳಗೆ ಬಿಟ್ಟಿರಲಿಲ್ಲ. "ಶನಿವಾರ ಜನ ಕರ್ಕೊಂಡ್ ಬರ್ಲಾ ಜುಬೇದಮ್ಮ? ನಿಮ್ ಕೆಲ್ಸಕ್ಕೆ ತೊಂದ್ರೆ ಮಾಡಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಚರಕದ ಕಡೆ ನೋಡಿ, "ಬಾ, ಅದಕ್ಕೇನು" ಎಂದರು.

ನಾಲ್ಕು ವರ್ಷ ಅದೇ ನಮ್ಮ ನಡಿಗೆಯ ಕಳಶವಾಯಿತು. ಚಿಕ್ಕಬಳ್ಳಾಪುರದಿಂದ ಬಂದ ಒಬ್ಬ ಹೆಂಗಸು, "ಕೈ ಸುಡಲ್ವಾ ಅಜ್ಜಿ?" ಎಂದು ಕೇಳಿದಳು. ಜುಬೇದಮ್ಮ ತಲೆ ಎತ್ತದೆ, "ಸುಡ್ತದೆ ಮಾ. ನಿಮ್ಮನೇಲಿ ದೋಸೆ ಹಾಕೋವ್ರನ್ನ ಯಾವತ್ತಾದ್ರೂ ಕೇಳಿದ್ದೀರಾ ಇದ್ನ?" ಎಂದರು. ಆಕೆಯ ಗಂಡ ಚಪ್ಪಲಿ ನೋಡಿಕೊಂಡ. ತೊಂಡೇಬಾವಿಯ ಶಾಲೆಯ ಮೇಷ್ಟ್ರೊಬ್ಬರು ಎಳೆ ಹಿಡಿಯಲು ಹೋಗಿ ಬೆರಳು ಸುಟ್ಟುಕೊಂಡು ಕುಣಿದರು. "ಮೇಷ್ಟ್ರೇ, ಫೇಲ್" ಎಂದು ಜುಬೇದಮ್ಮ ತೀರ್ಪು ಕೊಟ್ಟರು. ಹೊರಡುವಾಗ ಪ್ರತಿ ಬಾರಿ ನಾನು ಆ ಶೆಡ್ಡಿನ ಬಾಗಿಲಲ್ಲಿ ನಿಂತು ಒಂದು ಮಾತು ಹೇಳುತ್ತಿದ್ದೆ: "ನೀವು ನೋಡಿದ್ದು ಪ್ರದರ್ಶನವಲ್ಲ. ನಾವು ಬರದಿದ್ದರೂ ಈ ಒಲೆ ಉರಿಯುತ್ತೆ." ಜುಬೇದಮ್ಮ ಕೇಳಿಸಿಕೊಂಡು ನಗುತ್ತಿದ್ದರು. ಹೊಗಳಿಕೆಗೆ ನಾಚಿ ನಗುತ್ತಾರೆ ಎಂದುಕೊಂಡಿದ್ದೆ.

ಮೊನ್ನೆ ಬುಧವಾರ, ಹೊಸ ಗೈಡುಗಳು ಬರುತ್ತಿದ್ದಾರೆ ಎಂದು ತಿಳಿಸಲು ಆ ಗಲ್ಲಿಗೆ ಹೋದೆ. ವಾರದ ನಡುವೆ ಹೋದದ್ದು ಆ ಮೊದಲ ಭೇಟಿಯ ನಂತರ ಅದೇ ಮೊದಲು. ಒಲೆ ತಣ್ಣಗಿತ್ತು. ಚರಕದ ಮೇಲೆ ಚಾಪೆ ಹೊದಿಸಿತ್ತು. ಶೆಡ್ಡಿನೊಳಗೆ ಸ್ಕೂಟರು ನಿಲ್ಲಿಸಿ, ಈರುಳ್ಳಿ ಹರಡಿದ್ದರು. ಜುಬೇದಮ್ಮನ ಮಗ ರಿಯಾಜ್ ಹೊರಗೆ ಬಂದ. ಅವನು ಊರಾಚೆಯ ಹೊಸ ಕಾರ್ಖಾನೆಯಲ್ಲಿ ತಾನಾಗಿ ನೂಲು ತೆಗೆಯುವ ಯಂತ್ರದ ಆಪರೇಟರು.

"ಏನಕ್ಕಾ, ಇವತ್ತು ವಾಕ್ ಇಲ್ವಲ್ಲ? ಅಮ್ಮಿ ಮುರುಗಮಲ್ಲಕ್ಕೆ ಹೋಗಿದ್ದಾರೆ."

"ಒಲೆ ಯಾಕೆ ಹಚ್ಚಿಲ್ಲ ರಿಯಾಜ್?"

ಅವನು ನನ್ನ ಮುಖ ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. "ಒಲೇನಾ? ಅಕ್ಕಾ, ಅಬ್ಬಾ ಹೋದ್ಮೇಲೆ ನೂಲ್ ತೆಗೆಯೋ ಬೇಸಿನ್‌ಗಳನ್ನೆಲ್ಲ ಗುಜರಿಗೆ ಹಾಕಿದ್ವಿ. ಒಂದು ಚರಕ ಉಳಿದಿತ್ತು. ಆವತ್ತು ನೀವು ಮಾರ್ಕೆಟ್‌ನಲ್ಲಿ ಗಲಾಟೆ ಮಾಡ್ಕೊಂಡ್ರಲ್ಲ, ಅಮ್ಮಿ ಅಲ್ಲಿಗೆ ಬಂದಿದ್ದು ಗೂಡ್ ತಗೊಳ್ಳೋಕಲ್ಲ. ರೀಲರ್ ಲೈಸೆನ್ಸ್ ವಾಪಸ್ ಕೊಡೋಕೆ."

ಪ್ಲಾಸ್ಟಿಕ್ ಕವರಿನ ಕಾಗದ ಅದೇ.

"ಲೈಸೆನ್ಸ್ ಕೊಟ್ಟು ಬರ್ತೀನಿ ಅಂತ ಹೋದೋರು ಗೂಡ್ ತಗೊಂಡ್ ಬಂದ್ರು. ನಾವೆಲ್ಲ ಬೈದ್ವಿ. ಅಷ್ಟು ಗೂಡು ಒಂದು ಚರಕದಲ್ಲಿ! ಗೂಡ್ ಒಣಗ್ಸಿಟ್ಕೊಂಡು ತಿಂಗ್ಳಾನ್‌ಗಟ್ಲೆ ಒಬ್ರೇ ಕೂತು ಬಿಚ್ಚಿದ್ರು. ಅದ್ ಮುಗೀತು. ಆದ್ರೆ ನೀವು ಶನಿವಾರ, ಭಾನುವಾರ ಜನ ತರ್ತಾನೇ ಇದ್ರಿ. ನಮ್ ಮಿಷನ್ ತಗೊಳ್ಳಲ್ಲ ಅಂತ ಪಕ್ಕಕ್ಕೆ ತೆಗೆಯೋ ಗೂಡನ್ನ ನಾನೇ ತಂದ್ಕೊಡ್ತೀನಿ. ಶುಕ್ರವಾರ ಸಾಯಂಕಾಲ ಈರುಳ್ಳಿ ಎತ್ತಿ, ಸ್ಕೂಟರ್ ಆಚೆ ಹಾಕಿ, ಗುಡಿಸ್ತೀವಿ."

ಇನ್ನೂರಕ್ಕಿಂತ ಹೆಚ್ಚು ಸಲ ಆ ಬಾಗಿಲಲ್ಲಿ ನಿಂತು ಹೇಳಿದ್ದೇನೆ, ನಾವು ಬರದಿದ್ದರೂ ಈ ಒಲೆ ಉರಿಯುತ್ತೆ ಎಂದು. ಟಿಪ್ಪುವಿನ ಕುದುರೆಯನ್ನು ಕೆಂಪು ಪೆನ್ನಿನಲ್ಲಿ ಹೊಡೆದವಳು ನಾನು. ಚೌಡಪ್ಪ ಮೇಷ್ಟ್ರ ಅಜ್ಜಿ ಹೇಳಿದ್ದನ್ನಾದರೂ ಸುಳ್ಳೆಂದು ಸಾಬೀತು ಮಾಡುವ ಆಧಾರ ಇರಲಿಲ್ಲ. ನನ್ನ ಮಾತು ಸುಳ್ಳೆಂಬುದಕ್ಕೆ ಶೆಡ್ಡಿನ ತುಂಬ ಈರುಳ್ಳಿ ಹರಡಿತ್ತು.

ಮೇಷ್ಟ್ರಿಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. "ಪಟ್ಟಿಯಿಂದ ತೆಗೆದ್ರೆ ಆವಮ್ಮ ಮನೇಲಿ ಕೂತ್ಕೋತಾರೆ. ಬಿಟ್ರೆ ನಿನ್ ನಿಯಮ ಹೋಗ್ತದೆ. ಹೊಸಬರು ಈ ಶನಿವಾರಾನೇ ಶುರು ಮಾಡ್ತಾರೆ. ಹೇಳಮ್ಮ, ಆ ಶೆಡ್ಡು ಪಟ್ಟೀಲಿ ಇರ್ಲಾ, ಬೇಡ್ವಾ?"

ನನ್ನೊಳಗೆ ಎರಡು ಪಕ್ಷವೂ ಎದ್ದು ನಿಂತವು. ಪರವಾಗಿ: ಯಂತ್ರ ಬೇಡವೆಂದ ಗೂಡಿನಿಂದ ನಿಜವಾದ ನೂಲು ಬರುತ್ತಿದೆ, ಅದು ನಾಟಕ ಹೇಗಾಗುತ್ತದೆ? ವಿರೋಧವಾಗಿ: ಅರವತ್ತು ದಾಟಿದ ಹೆಂಗಸಿನ ಬೆರಳು ವಾರ ವಾರ ಕುದಿಯುವ ನೀರಿಗೆ ಇಳಿಯುತ್ತಿರುವುದು ನಮ್ಮ ಕಣ್ಣಿಗೋಸ್ಕರವಾದರೆ, ಅದನ್ನು ಮೆಚ್ಚುಗೆ ಎಂದು ಕರೆಯುವುದಕ್ಕೆ ನಾಚಿಕೆಯಾಗಬೇಡವೇ? ಆದರೆ ಒಂದು ವಿಷಯದಲ್ಲಿ ಎರಡೂ ಪಕ್ಷಕ್ಕೆ ಒಪ್ಪಿಗೆಯಿದೆ. ಆ ಕೈಗಳಷ್ಟು ಬಲ್ಲ ಕೈಗಳನ್ನು ನಾನು ನಾಲ್ಕು ಊರಿನ ಪೇಟೆಯಲ್ಲೂ ಕಂಡಿಲ್ಲ.

ಇವತ್ತು ಶುಕ್ರವಾರ. ಸಾಯಂಕಾಲಕ್ಕೆ ಮೊದಲೇ ಹೋದೆ. ಜುಬೇದಮ್ಮ ಒಬ್ಬರೇ ಈರುಳ್ಳಿಯನ್ನು ಬುಟ್ಟಿಗೆ ತುಂಬುತ್ತಿದ್ದರು. ನನ್ನನ್ನು ಕಂಡು ಕೈ ನಿಂತಿತು. ರಿಯಾಜ್ ಹೇಳಿದ್ದಾನೆ ಎಂದು ಮುಖದಲ್ಲೇ ಗೊತ್ತಾಯಿತು. ನಾನು ಪಕ್ಕದಲ್ಲಿ ಕೂತು ಈರುಳ್ಳಿ ಆರಿಸತೊಡಗಿದೆ. ಬುಟ್ಟಿ ತುಂಬಿತು. ಅವರು ಎದ್ದು ಚರಕದ ಮೇಲಿನ ಚಾಪೆ ತೆಗೆದು ಸುತ್ತಿ ಗೋಡೆಗೆ ಒರಗಿಸಿದರು. ಪೊರಕೆ ತಗೊಂಡರು.

ಜೋರಾಗಿ ಕೇಳಲು ನನಗೆ ಗಂಟಲಿಲ್ಲ. ಹತ್ತಿರ ಹೋಗಿ ಕೇಳಿದೆ:

"ಜುಬೇದಮ್ಮ, ನಾಳೆ ಯಾರೂ ಬರಲ್ಲ ಅಂತ ನಾನು ಹೇಳಿದ್ರೆ, ನೀವು ಒಲೆ ಹಚ್ತೀರಾ?"